ಐವತ್ತು ವ್ಯಾಟಿನ ಅಕ್ಕೋರು

ಗಿಟಾರಿಗೆ ಆರು ತಂತಿ. ಎಡಗೈಯಲ್ಲಿ ಕೆಲಸಕ್ಕೆ ಬರುವ ಬೆರಳು ನಾಲ್ಕು. ತಂತಿಗಳ ಕೆಳಗೆ ಪಟ್ಟಿ ಹೊಡೆದು ಮಾಡಿದ ಇಪ್ಪತ್ತೆರಡು ಮನೆಗಳು. ಇಪ್ಪತ್ತು ವರ್ಷಗಳಿಂದ ಅವರ್ಸಾದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿರುವ ನನಗೆ ಇದೊಂದು ದೊಡ್ಡ ಲೆಕ್ಕವೇ? ಹೆಚ್ಚೆಂದರೆ ಎಂಟನೇ ತರಗತಿಯ ಮಟ್ಟದ್ದು. ಹೀಗೆಂದು ನಾನು ಮನಃಪೂರ್ವಕವಾಗಿ ನಂಬಿದ್ದೆ.

ಹಾಗಂತ ಗಿಟಾರು ಕೊಳ್ಳಬೇಕೆಂದು ಹೊರಟವಳೂ ಅಲ್ಲ. ಶಾಲೆಯ ಹಾರ್ಮೋನಿಯಮ್ಮಿನ ತಿದಿ ಹರಿದಿತ್ತು. ಅದನ್ನು ರಿಪೇರಿಗೆ ಕೊಡಲು ಒಂದು ಶನಿವಾರ ಮಧ್ಯಾಹ್ನ ಕಾರವಾರದ ವಾದ್ಯದ ಅಂಗಡಿಗೆ ಹೋಗಿದ್ದೆ. ಗೋಡೆಯ ಮೇಲೆ ಕುಂಕುಮದ ಬಣ್ಣದ ಗಿಟಾರೊಂದು ತೂಗುತ್ತಿತ್ತು.

"ಅದು ಎಂತದು?" ಎಂದೆ.

"ಅದು ಕರೆಂಟ್ ಗಿಟಾರು ಅಕ್ಕೋರೆ," ಎಂದರು ಅಂಗಡಿಯವರು. ನಮ್ಮ ಕಡೆ ಶಿಕ್ಷಕಿಯರೆಲ್ಲರೂ ಅಕ್ಕೋರೇ. "ನಿಮ್ಗೆ ಎಂತಕ್ಕೆ ಅದು? ಬೇಕಾದ್ರೆ ಚಲೋ ತಾಳ ಅದೆ ನೋಡಿ, ಭಜನೆಗೆ ಆಗ್ತದೆ."

ತಾಳ! ನಲವತ್ತನಾಲ್ಕು ವರ್ಷದ ಹೆಂಗಸಿಗೆ ತಾಳ! ಅವರು ಆ ಒಂದು ಮಾತು ಹೇಳದೇ ಇದ್ದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಹಾರ್ಮೋನಿಯಂ ಅಲ್ಲಿ ಬಿಟ್ಟು, ಗಿಟಾರು ಹೆಗಲಿಗೇರಿಸಿ ಅಂಕೋಲೆಯ ನಮ್ಮ ಮನೆಗೆ ಬಸ್ಸು ಹತ್ತಿದೆ.

ಮನೆಯಲ್ಲಿ ನನ್ನ ಗಂಡ ಗಣಪತಿ ಪೇಪರು ಓದುತ್ತಿದ್ದರು. ಅವರು ಪಂಚಾಯತಿ ಕಚೇರಿಯ ಗುಮಾಸ್ತರು. ಯಾವ ಅರ್ಜಿ ಬಂದರೂ ಮೊದಲು ಅದರಲ್ಲಿ ಇಲ್ಲದ್ದನ್ನು ಹುಡುಕುವುದು ಅವರ ವೃತ್ತಿಧರ್ಮ. ಗಿಟಾರನ್ನು ಮೇಲೆ ಕೆಳಗೆ ನೋಡಿದರು.

"ಕರೆಂಟಿಂದು ಅಂದೆ. ಪಿನ್ನು ಎಲ್ಲದೆ?"

ನೋಡಿದೆ. ಪಿನ್ನಿಲ್ಲ. ವಯರೂ ಇಲ್ಲ. ಬದಿಯಲ್ಲಿ ಒಂದು ಗುಂಡಗಿನ ತೂತು ಮಾತ್ರ ಇತ್ತು. ತಂತಿ ಮೀಟಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ವಿದ್ಯುತ್ ಗಿಟಾರೆಂದರೆ ಅರ್ಧ ವಾದ್ಯ ಮಾತ್ರ, ಉಳಿದರ್ಧ ಆಂಪ್ಲಿಫೈಯರ್ ಎಂಬ ಇನ್ನೊಂದು ಪೆಟ್ಟಿಗೆಯಲ್ಲಿರುತ್ತದೆ ಎಂಬ ಜ್ಞಾನೋದಯ ನನಗಾದದ್ದು ಹೀಗೆ.

ಮುಂದಿನ ಶನಿವಾರ ಮತ್ತೆ ಕಾರವಾರ.

"ಮನೇಲಿ ಬಾರ್ಸೂಕೆ ಅಲ್ವಾ? ಐದು ವ್ಯಾಟಿಂದು ಸಾಕು," ಎಂದು ಅಂಗಡಿಯವರು ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಮುಂದಿಟ್ಟರು.

"ಐದು ವ್ಯಾಟಾ? ನಮ್ಮನೆ ಬಚ್ಚಲಿನ ಬಲ್ಬೇ ಒಂಬತ್ತು ವ್ಯಾಟಿಂದು!" ಎಂದೆ.

"ಬಲ್ಬಿಂದು ಬೇರೆ ಲೆಕ್ಕ, ಇದು ಬೇರೆ ಅಕ್ಕೋರೆ."

ಲೆಕ್ಕದ ವಿಷಯ ನನಗೇ ಹೇಳುವುದೇ? ಐವತ್ತು ವ್ಯಾಟಿನದನ್ನು ಕಟ್ಟಿಸಿದೆ. ಅದನ್ನು ಬಸ್ಸಿನ ಡಿಕ್ಕಿಗೆ ಹಾಕಲು ಕಂಡಕ್ಟರರೂ ಡ್ರೈವರರೂ ಕೈಹಚ್ಚಬೇಕಾಯಿತು. "ಒಳಗೆ ಅಕ್ಕಿಯಾ ಅಕ್ಕೋರೆ?" ಎಂದು ಕಂಡಕ್ಟರರು ಕೇಳಿದರು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಉದ್ಘಾಟನೆ. ವಯರು ಚುಚ್ಚಿದೆ. ಗುಂಡಿಗಳೆಲ್ಲ ಹತ್ತರವರೆಗೆ ತಿರುಗುತ್ತಿದ್ದವು. ಅರ್ಧಕ್ಕೆ ನಿಲ್ಲಿಸುವುದು ಹೇಡಿತನವೆಂದು ಹತ್ತಕ್ಕೇ ಇಟ್ಟೆ. ಆರೂ ತಂತಿಗಳ ಮೇಲೆ ಒಮ್ಮೆ ಕೈ ಎಳೆದೆ.

ಕಪಾಟಿನ ಗಾಜು ನಡುಗಿತು. ಮಾಡಿನ ಹೆಂಚಿನ ಮೇಲಿಂದ ಎರಡು ಕಾಗೆ ಎದ್ದವು. ಪಕ್ಕದ ಮನೆಯ ಸುಮಿತ್ರಕ್ಕ ಮೀನು ಮಗುಚುವ ಸಟ್ಟುಗ ಹಿಡಿದುಕೊಂಡೇ ಬೇಲಿ ದಾಟಿ ಬಂದರು.

"ಎಂತ ಆಯ್ತೇ? ಸಿಲಿಂಡರು ಒಡೀತೇನೆ?"

"ಇಲ್ಲ ಸುಮಿತ್ರಕ್ಕ. ಸಂಗೀತ."

ಅವರು ಗಿಟಾರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗಣಪತಿಯವರನ್ನು ಕರುಣೆಯಿಂದ ನೋಡಿದರು. "ನಮ್ಮನೆ ಬೆಕ್ಕು ಅಟ್ಟ ಹತ್ತಿದ್ದು ಇಳಿಲಿಲ್ಲ ಇನ್ನೂ," ಎಂದು ಹೇಳಿ ಹೊರಟುಹೋದರು. ಅಂದಿನಿಂದ ಆಂಪ್ಲಿಫೈಯರಿನ ಗುಂಡಿ ಒಂದರಿಂದ ಮೇಲೇರಲಿಲ್ಲ.

ಹೀಗಾಗಿ ಮೂರನೆಯ ಶನಿವಾರವೂ ಕಾರವಾರ! ಈ ಬಾರಿ ಅಂಗಡಿಯವರು ಕಾಲಲ್ಲಿ ಒತ್ತುವ ಪೆಟ್ಟಿಗೆಯೊಂದನ್ನು ತೋರಿಸಿದರು. ಒತ್ತಿದಂತೆಲ್ಲ ಗಿಟಾರಿನ ದನಿ ಬದಲಾಗುತ್ತದೆ. ಅದಕ್ಕೆ ಫೋನು ಜೋಡಿಸಿ ಹಾಡು ಹಾಕಿಕೊಳ್ಳಬಹುದು. ಹೆಡ್‌ಫೋನಿಗೂ ಜಾಗವಿದೆ. "ಇದ್ನ ಕಿವಿಗೆ ಹಾಕ್ಕಂಡು ಬಾರ್ಸಿ. ನಿಮ್ಗೂ ಸುಖ, ಊರಿಗೂ ಸುಖ," ಎಂದರು. ಆ ವೇಳೆಗೆ ಅವರು ನನಗೆ ಕೂರಲು ಕುರ್ಚಿ, ಕುಡಿಯಲು ಚಹಾ ಕೊಡತೊಡಗಿದ್ದರು.

ಸಲಕರಣೆ ಸಿದ್ಧವಾಯಿತು. ಇನ್ನು ವಿದ್ಯೆಯೊಂದೇ ಬಾಕಿ. ಫೋನಿನಲ್ಲಿ ಬೋಳುತಲೆಯ ಗುರುಗಳೊಬ್ಬರ ಪಾಠಮಾಲೆ ಸಿಕ್ಕಿತು. ಮೊದಲ ತಿಂಗಳು ಬರೀ ಬೆರಳಿನ ವ್ಯಾಯಾಮ, ಟಿಕ್ ಟಿಕ್ ಎನ್ನುವ ಯಂತ್ರದ ಜೊತೆಗೆ, ಅತಿ ನಿಧಾನವಾಗಿ ಎಂದು ಅವರು ಹೇಳಿದರು. ಎಣಿಸಲು ಬಾರದವರಿಗೆ ಟಿಕ್ ಟಿಕ್ ಬೇಕು. ನಾನು ಎಣಿಸುವುದನ್ನೇ ಕಲಿಸಿ ಸಂಬಳ ಪಡೆಯುವವಳು! ನೇರವಾಗಿ ಮೂವತ್ತೊಂದನೆಯ ಪಾಠಕ್ಕೆ ಹೋದೆ. ಅದು ಅರ್ಥವಾಗಲಿಲ್ಲ. ಗುರುಗಳಿಗೆ ಕಲಿಸುವ ಕ್ರಮ ಗೊತ್ತಿಲ್ಲವೆಂದು ತೀರ್ಮಾನಿಸಿ ಅವರನ್ನೇ ಕೈಬಿಟ್ಟೆ.

ಬದಲಿಗೆ ಒಂದು ಹಳೆಯ ಸಿನಿಮಾ ಹಾಡನ್ನು ಯಾರೋ ಪುಣ್ಯಾತ್ಮ ಗಿಟಾರಿನಲ್ಲಿ ನುಡಿಸಿ, ತಬಲಾ ಸಹಿತ ನೆಟ್ಟಿಗೆ ಹಾಕಿದ್ದ. ಅದನ್ನು ಹೆಡ್‌ಫೋನಿನಲ್ಲಿ ಹಾಕಿಕೊಂಡು ಅವನ ಜೊತೆಗೇ ನಾನೂ ನುಡಿಸತೊಡಗಿದೆ. ಆಹಾ! ಅದೆಂಥ ನಾದ! ಯಾವುದು ಅವನದು, ಯಾವುದು ನನ್ನದು ಎಂದು ಬೇರೆ ಮಾಡುವುದೇ ಕಷ್ಟ. ನಾವಿಬ್ಬರೂ ಒಂದೇ ಮಟ್ಟದವರು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕೆ?

ಹೊರಗಿನವರಿಗೆ ಮಾತ್ರ ಈ ನಾದಭಾಗ್ಯ ಇರಲಿಲ್ಲ. "ನೀ ಕಾಯಿ ತುರೀತಾ ಇದ್ದೆ ಅಂದ್ಕಂಡೆ," ಎಂದರು ಗಣಪತಿ, ಒಂದು ಸಂಜೆ ಒಳಗೆ ಬಂದು.

ನಡುವೆ ತಂತಿಗಳಿಗೆ ತುಕ್ಕು ಹಿಡಿಯಿತು. ನಮ್ಮಲ್ಲಿ ಕಡಲಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ತಂತಿ ಉಳಿದೀತೆ? ಬೀಗಕ್ಕೆ ಹಚ್ಚುವಂತೆ ಕೊಬ್ಬರಿ ಎಣ್ಣೆ ಹಚ್ಚಿದೆ. ಮರುದಿನ ಬೆರಳು ಮೂರನೆಯ ಮನೆಗೆ ಹೊರಟರೆ ಒಂಬತ್ತನೆಯ ಮನೆಗೆ ಹೋಗಿ ನಿಲ್ಲುತ್ತಿತ್ತು. ಇರುವೆಗಳೂ ಬಂದವು. ಹೊಸ ತಂತಿಗಾಗಿ ಮತ್ತೆ ಕಾರವಾರ. ಅಂಗಡಿಯವರು ಈಗ ನನ್ನನ್ನು ದೂರದಿಂದಲೇ ಗುರುತಿಸಿ ಚಹಾ ಹೇಳುತ್ತಿದ್ದರು.

ಮೂರು ತಿಂಗಳು ಕಳೆಯಿತು. ಅಷ್ಟರಲ್ಲಿ ನಮ್ಮ ಮುಖ್ಯಾಧ್ಯಾಪಕಿ ವಿಮಲಾ ಅಕ್ಕೋರ ನಿವೃತ್ತಿಯ ದಿನ ಬಂತು. ಶಾಲೆಯವರೆಲ್ಲರಿಗೂ ಅವರು ದೊಡ್ಡಕ್ಕೋರು. ಒಮ್ಮೆ ನನಗೆ ಟೈಫಾಯಿಡ್ ಆದಾಗ ಒಂದು ತಿಂಗಳು ನನ್ನ ತರಗತಿಗಳನ್ನೆಲ್ಲ ತಾವೇ ತೆಗೆದುಕೊಂಡು, ನಾನು ಮರಳಿ ಬಂದಾಗ ಅದರ ಮಾತನ್ನೇ ಎತ್ತದ ಹೆಂಗಸು. ಆ ಹಳೆಯ ಸಿನಿಮಾ ಹಾಡು ಕೂಡ ಅವರ ಮೆಚ್ಚಿನದೇ. ವರಾಂಡದಲ್ಲಿ ಅವರು ಅದನ್ನು ಗುನುಗುತ್ತ ಬಂದರೆ ತರಗತಿಗಳು ತಾವಾಗಿಯೇ ಸುಮ್ಮನಾಗುತ್ತಿದ್ದವು. "ನನ್ನ ಬಗ್ಗೆ ಭಾಷಣ ಬ್ಯಾಡ. ಯಾರಾದ್ರೂ ಎಂತಾದ್ರೂ ಹಾಡಿ, ಬಾರ್ಸಿ, ಸಾಕು," ಎಂದಿದ್ದರು.

ನನಗೆ ಆಸೆ ಹುಟ್ಟದಿರುತ್ತದೆಯೇ? ಬಾರಿಸುತ್ತೇನೆಂದು ಹೆಸರು ಕೊಟ್ಟೆ. ಡ್ರಾಯಿಂಗ್ ಕಲಿಸುವ ನಾಗೇಶ ಮಾಸ್ತರರು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದೇಬಿಟ್ಟರು: "ವಿಶೇಷ ಆಕರ್ಷಣೆ: ವಿದ್ಯುತ್ ಗಿಟಾರ್ ವಾದನ." ಪಕ್ಕದಲ್ಲಿ ಮಿಂಚಿನ ಚಿತ್ರ ಬೇರೆ.

ಆಂಪ್ಲಿಫೈಯರ್ ಸಮೇತ ರಿಕ್ಷಾದಲ್ಲಿ ಹೋದೆ. ಹನ್ನೊಂದು ಗಂಟೆಗೆ ನನ್ನ ಸರದಿ. ಆದರೆ ಭಾಷಣ ಬೇಡವೆಂದಿದ್ದರೂ ಏಳು ಜನ ಭಾಷಣ ಮಾಡಿದರು. ನಾನು ವೇದಿಕೆ ಹತ್ತುವಾಗ ಮಧ್ಯಾಹ್ನದ ಒಂದು ಗಂಟೆ. ಮಕ್ಕಳು, ಪಾಲಕರು, ಬಿಸಿಯೂಟದವರು ಎಲ್ಲ ಸೇರಿ ಸಭಾಂಗಣ ತುಂಬಿತ್ತು. ಆ ಪುಣ್ಯಾತ್ಮನ ಹಾಡಿದ್ದ ನನ್ನ ಫೋನನ್ನು ಶಾಲೆಯ ಧ್ವನಿವರ್ಧಕಕ್ಕೆ ಜೋಡಿಸಿದೆ. ಮನೆಯ ರೂಢಿಯಂತೆ ನನ್ನ ಆಂಪ್ಲಿಫೈಯರನ್ನು ಒಂದಕ್ಕೇ ಇಟ್ಟೆ. ಶುರುಮಾಡಿದೆ.

ಸಭೆ ಬೆರಗಾಯಿತು! ದೊಡ್ಡಕ್ಕೋರು ಕಣ್ಣು ಮುಚ್ಚಿ ತಲೆದೂಗಿದರು. ಮೊದಲ ಚರಣಕ್ಕೇ ಚಪ್ಪಾಳೆ. ನನ್ನ ಎದೆ ಉಬ್ಬಿತು. ಗುಂಡಿ ಒಂದರಲ್ಲಿದ್ದಾಗಲೇ ಇಷ್ಟು ಚಪ್ಪಾಳೆಯಾದರೆ, ಜೋರಾಗಿ ಕೇಳಿದರೆ ಇನ್ನೆಷ್ಟು ಬಂದೀತು! ಬಗ್ಗಿ ಗುಂಡಿಯನ್ನು ಒಂದರಿಂದ ಏಳಕ್ಕೆ ತಿರುಗಿಸಿದೆ.

ಆಗ ಸಭಾಂಗಣದಲ್ಲಿ ಎರಡು ಗಿಟಾರು ಕೇಳತೊಡಗಿದವು. ಒಂದು ಹಾಡುತ್ತಿತ್ತು. ಇನ್ನೊಂದು ಅದರ ಹಿಂದೆ ಎಡವುತ್ತ, ಏಳುತ್ತ, ತಪ್ಪು ಮನೆಯ ಬಾಗಿಲು ತಟ್ಟುತ್ತ ಓಡಿಬರುತ್ತಿತ್ತು. ಈ ಎರಡನೆಯದನ್ನು ಯಾರು ಬಾರಿಸುತ್ತಿದ್ದಾರೆಂದು ಒಂದು ಗಳಿಗೆ ನಾನೂ ಸುತ್ತ ನೋಡಿದೆ. ಆಮೇಲೆ ನನ್ನದೇ ಬೆರಳುಗಳನ್ನು ನೋಡಿಕೊಂಡೆ. ಮೂರು ತಿಂಗಳು ನಾನು ಮೆಚ್ಚಿ ಕೇಳಿದ್ದು ಅವನನ್ನು. ನನ್ನನ್ನು ನಾನು ಕೇಳುತ್ತಿರುವುದು ಇದೇ ಮೊದಲು!

ಅದೇ ಹೊತ್ತಿಗೆ ಫೋನು ರಿಂಗಾಯಿತು. ಪುಣ್ಯಾತ್ಮ ನಿಂತ. ತಬಲಾ ನಿಂತಿತು. ನಾನೊಬ್ಬಳೇ, ಏಳರ ಗುಂಡಿಯಲ್ಲಿ. ಗಾಬರಿಯಿಂದ ಕಾಲ ಬಳಿಯ ಪೆಟ್ಟಿಗೆ ಒತ್ತಿದೆ. ದನಿ ನಿಲ್ಲುವ ಬದಲು ಬದಲಾಯಿತು. ಬೈತಖೋಲ ಬಂದರಿನಲ್ಲಿ ಮೀನುಬೋಟಿನ ಇಂಜಿನ್ನು ಎದ್ದ ಹಾಗೆ! ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಗಿಟಾರಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಫೋನನ್ನಾದರೂ ಬಂದುಮಾಡೋಣವೆಂದು ಒತ್ತಿದರೆ, ಕೆಂಪಿನ ಬದಲು ಹಸಿರು ಒತ್ತಿದೆ.

ಸಭಾಂಗಣದ ನಾಲ್ಕೂ ಮೂಲೆಗಳಿಂದ ನನ್ನ ಗಂಡನ ದನಿ ಮೊಳಗಿತು.

"ಹಲೋ! ಪೇಟೇಲಿ ಬಂಗಡೆ ಮೀನು ಖಾಲಿ ಆಯ್ತು. ತಾರ್ಲೆ ತಗಳ್ಳಾ?"

ನಾನು ಕೆಂಪು ಗುಂಡಿಗಾಗಿ ತಡಕಾಡಿದೆ.

"ಕೇಳ್ತದಾ? ನಿನ್ನ ಬಾರ್ಸೂದು ಮುಗೀತಲ್ಲ? ಯಾರಿಗೂ ಗೊತ್ತಾಗ್ಲಿಲ್ಲ ಅಲ್ಲಾ? ಮೊನ್ನೆ ನೀ ಹಾಲು ಉಕ್ತು ಅಂತ ಓಡಿದಾಗ ನಾ ಆ ಹೆಡ್‌ಫೋನು ಕಿವಿಗೆ ಹಾಕ್ಕಂಡು ಕೇಳ್ದೆ. ನೀ ಇಲ್ದಿದ್ರೂ ಗಿಟಾರು ಅಷ್ಟೇ ಚಲೋ ಕೇಳ್ತಿತ್ತು!"

ಹಿಂದಿನ ಸಾಲಿನಿಂದ ಬಿಸಿಯೂಟದ ಮಾದೇವಿ ಕೂಗಿದಳು: "ತಾರ್ಲೆ ತಗಳೂಕೆ ಹೇಳಿ ಅಕ್ಕೋರೆ! ಈಗ ಚಲೋ ಬರ್ತದೆ!"

ಆಮೇಲೆ ನಕ್ಕ ನಗುವಿಗೆ ಶಾಲೆಯ ಮಾಡು ಹೇಗೆ ನಿಂತಿತೋ ಗೊತ್ತಿಲ್ಲ. ನಾಗೇಶ ಮಾಸ್ತರರು ನಗಬಾರದೆಂದು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಅವರ ಹೆಗಲು ಕುಣಿಯುತ್ತಿತ್ತು. ಫೋನು ಬಂದುಮಾಡಿ ವಯರು ಸುತ್ತತೊಡಗಿದೆ. ನನ್ನ ಮಾನ ಹೋದದ್ದು ಹೋಗಲಿ, ದೊಡ್ಡಕ್ಕೋರ ಕೊನೆಯ ದಿನವನ್ನು ಮೀನುಪೇಟೆ ಮಾಡಿಬಿಟ್ಟೆನಲ್ಲ ಎಂದು ಕಣ್ಣು ತುಂಬಿತು.

ತಲೆ ಎತ್ತಿದರೆ ದೊಡ್ಡಕ್ಕೋರು ವೇದಿಕೆಯ ಮೇಲಿದ್ದರು. ನಕ್ಕು ನಕ್ಕು ಅವರ ಕಣ್ಣಲ್ಲೂ ನೀರು.

"ಕುಂತ್ಕಳ್ಳಿ ಅಕ್ಕೋರೆ. ಖರೇ ಹೇಳಿ, ನಿಮ್ಗೆ ಎಷ್ಟು ಬರ್ತದೆ?"

"ಎರಡು ಸಾಲು," ಎಂದೆ. "ಒಂದೇ ತಂತಿಯಲ್ಲಿ. ಅದೂ ನಿಧಾನಕ್ಕೆ."

"ಸಾಕು. ಬಾರ್ಸಿ. ನಾ ಹಾಡ್ತೆ."

"ತಪ್ತದೆ."

"ತಪ್ಪಲಿ. ನಾ ಕಾಯ್ತೆ."

ವಯರು ಮತ್ತೆ ಚುಚ್ಚಿ, ಗಿಟಾರಿನ ಗುಂಡಿ ಏರಿಸಿ, ಆಂಪ್ಲಿಫೈಯರಿನದನ್ನು ಎರಡಕ್ಕೆ ಇಳಿಸಿ, ಮೊದಲ ಸ್ವರ ಹುಡುಕಿ ಮೀಟಿದೆ. ಅವರು ಹಾಡಿದರು. ನನ್ನ ಬೆರಳು ಮುಂದಿನ ಮನೆ ಹುಡುಕುವ ತನಕ ಅವರು ಆ ಅಕ್ಷರವನ್ನೇ ಎಳೆದು ಹಿಡಿದಿದ್ದರು. ಒಂದು ಕಡೆ ಎಷ್ಟು ಹೊತ್ತು ಎಳೆಯಬೇಕಾಯಿತೆಂದರೆ ಉಸಿರು ತೆಗೆದುಕೊಂಡು ಮತ್ತೆ ಅಲ್ಲಿಂದಲೇ ಹಿಡಿದರು. ಮಕ್ಕಳು ಪಿಸುಗುಡಲಿಲ್ಲ. ಎರಡು ಸಾಲು ಮುಗಿಯಲು ನಾಲ್ಕು ನಿಮಿಷ ಬೇಕಾಯಿತು. ಮುಗಿದಾಗ ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

ಮರುದಿನದಿಂದ ಬೋಳುತಲೆಯ ಗುರುಗಳ ಒಂದನೆಯ ಪಾಠ, ಟಿಕ್ ಟಿಕ್ ಸಹಿತ ಶುರುವಾಯಿತು. ಎರಡು ವಾರದ ಮೇಲೆ ದೊಡ್ಡಕ್ಕೋರು ಫೋನು ಮಾಡಿದರು. "ಮನೇಲಿ ಕುಂತು ಕುಂತು ಬೇಜಾರು. ಆ ಗಿಟಾರು ನಂಗೂ ಸ್ವಲ್ಪ ಹೇಳ್ಕೊಡ್ತ್ರಾ?" ಎಂದರು.

ಹೇಳಿಕೊಡುವುದು ನನ್ನ ವೃತ್ತಿಯಲ್ಲವೇ! ಸಂತೋಷದಿಂದ ಒಪ್ಪಿದೆ. ಈಗ ಪ್ರತಿ ಭಾನುವಾರ ಅವರ್ಸಾದಿಂದ ಬಸ್ಸು ಹತ್ತಿ ಬರುತ್ತಾರೆ. ಮೊದಲ ಭಾನುವಾರ ನಾನು ಅವರಿಗೆ ಒಂದನೆಯ ಪಾಠ ಕಲಿಸಿದೆ. ಎರಡನೆಯ ಭಾನುವಾರ ಇಬ್ಬರೂ ಜೊತೆಗೆ ಎರಡನೆಯ ಪಾಠ ಕಲಿತೆವು. ಮೂರನೆಯ ಭಾನುವಾರದಿಂದ ಅವರು ಬಾರಿಸುತ್ತಾರೆ, ನಾನು ಚಹಾ ಮಾಡುತ್ತೇನೆ.

ಕಳೆದ ವಾರ ಚಹಾ ಸೋಸುತ್ತಿದ್ದೆ. ಹಿತ್ತಲ ಬೇಲಿಯಾಚೆಯಿಂದ ಸುಮಿತ್ರಕ್ಕ ಕರೆದರು. ಬಾಗಿಲಿಗೆ ಬಂದೆ.

"ಈ ಸಲ ಕೈ ಚಲೋ ಕೂತದೆ ನೋಡೇ ನಿಂದು! ಕೇಳೂಕೆ ಹಿತ ಆಗ್ತದೆ."

ನಾನು ಚಹಾ ಸೋಸುವ ಜರಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

"ದಿನಾ ಅಭ್ಯಾಸ ಮಾಡ್ತೆ ಅಲ್ಲಾ ಸುಮಿತ್ರಕ್ಕ," ಎಂದೆ.

ಒಳಗಿನಿಂದ ಗಿಟಾರು ಇನ್ನೂ ಕೇಳುತ್ತಲೇ ಇತ್ತು.