ಮೇಡಂ ಕಾರಿಗೆ ಬಾಯಿ ಬಂದಾಗ

“ಇದರ ಹೆಸರು ವಾಹನ ವಾಚಾಳಿ!” ಎಂದು ಅನಂತಶಯನ ಮೇಷ್ಟ್ರು ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಗ್ಯಾರೇಜಿನ ಮುಂದೆ ನಿಂತಿದ್ದ ಕಾರಿನ ಬಾನೆಟ್ ಮೇಲಿಟ್ಟರು. ಡಬ್ಬಿಯಿಂದ ಹತ್ತಾರು ವೈರುಗಳು ಜೋತುಬಿದ್ದಿದ್ದವು. “ಕ್ಲಿಪ್ ಸಿಕ್ಕಿಸಿದರೆ ಸಾಕು, ಎಲ್ಲಿ ಕೆಟ್ಟಿದೆ ಅಂತ ಕಾರೇ ಬಾಯಿಬಿಟ್ಟು ಹೇಳುತ್ತೆ!”

“ಅಯ್ಯೋ, ಎಂಥಾ ತಲೆ ಮೇಷ್ಟ್ರೇ ನಿಮ್ಮದು!” ಎಂದರು ಸುಗುಣಾ ಮೇಡಂ.

ಮೆಕ್ಯಾನಿಕ್ ನಂಜುಂಡಿಯ ಹೊಟ್ಟೆಯೊಳಗೆ ಸ್ಟೌ ಹತ್ತಿಕೊಂಡಿತು. ಇಪ್ಪತ್ತೆರಡು ವರ್ಷದಿಂದ ಆ ಹಳೇ ಕಾರನ್ನು ಮುಟ್ಟಿದವನು ಅವನೊಬ್ಬನೇ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಡಂ ನಜರಬಾದಿನ ಅವನ ಗ್ಯಾರೇಜಿಗೆ ಬಂದು, ಟೈರಿನ ಮೇಲೆ ಕೂತು, ಅವನು ತರಿಸಿದ ಟೀ ಕುಡಿಯುತ್ತ, “ನಂಜುಂಡಿ ಕೈ ಇಟ್ಟರೆ ಮುಗೀತು” ಎನ್ನುತ್ತಿದ್ದರು. ಆ ಒಂದು ಮಾತಿಗೆ ಅವನು ವಾರಗಟ್ಟಲೆ ಬೀಗುತ್ತಿದ್ದ. ಆದರೆ ಈ ತಿಂಗಳು ಕಾರು ಮೂರು ಸಲ ನಡುರಸ್ತೆಯಲ್ಲಿ ನಿಂತಿತ್ತು. ಅವನು ಫ್ಯೂಸ್ ಬದಲಿಸಿದ್ದ. ಪೆಟ್ರೋಲ್ ಟ್ಯಾಂಕಿನ ತಳಕ್ಕೆ ಮರದ ಸುತ್ತಿಗೆಯಿಂದ ತಟ್ಟಿ ಒಳಗಿನ ಪಂಪನ್ನು ಎಬ್ಬಿಸಿದ್ದ. ಒಂದು ದಿನ ಓಡುವುದು, ಮತ್ತೆ ಮಲಗುವುದು. ಇವತ್ತು ಈ ಡಬ್ಬಿ ಗೆದ್ದರೆ ಕಾರು ಮೇಡಂ ಎದುರುಮನೆಯ ಮೇಷ್ಟ್ರ ಪಾಲು! ಮೇಡಮ್ಮೂ ಅಲ್ಲೇ ಕಾಫಿಗೆ!

ಮೇಷ್ಟ್ರು ಕೀ ತಿರುಗಿಸಿದರು. ಎರಡು ಸೆಕೆಂಡು ಗುಂಯ್ ಎನ್ನಬೇಕಾದ ಪಂಪು ಉಸಿರೆತ್ತಲಿಲ್ಲ. ಡಬ್ಬಿಯ ಗುಂಡಿ ಒತ್ತಿದರು.

“ನನ್ನ ಮೇಲೆ ಯಾಕೆ ಬರ್ತೀರಾ? ನಾನು ಬಂದು ನಾಲ್ಕು ದಿನ ಆಗಿಲ್ಲ!” ಎಂದಿತು ಫ್ಯೂಸು.

“ನಾನು ಟಕ್ ಅಂದೆ. ನನ್ನ ಡ್ಯೂಟಿ ಅಷ್ಟೇ,” ಎಂದಿತು ಪಂಪಿಗೆ ಕರೆಂಟು ಬಿಡುವ ರಿಲೇ.

“ನಿನ್ನ ಟಕ್ ತಗೊಂಡು ನಾನೇನು ಮಾಡ್ಲಿ?” ಟ್ಯಾಂಕಿನೊಳಗಿಂದ ಪಂಪು ಕೂಗಿತು. “ಬಂದ ಕರೆಂಟು ವಾಪಸ್ ಹೋಗೋಕೆ ದಾರೀನೇ ಇಲ್ಲ! ಆ ಅರ್ತಿಂಗ್ ಬೋಲ್ಟನ್ನ ಕೇಳಿ!”

ಹಿಂದಿನ ಸೀಟಿನ ಕೆಳಗಿದ್ದ ಬೋಲ್ಟು ಅಳುತ್ತಲೇ ಶುರುಮಾಡಿತು. “ಪ್ರತಿ ಆಯುಧಪೂಜೆಗೂ ಸೀಟು ಎತ್ತಿ ನನಗೆ ಅರಿಶಿನದ ನೀರು, ಕುಂಕುಮ, ಗಂಧ! ಬೇರೆ ಕಾರಿಗೆಲ್ಲ ಬಾನೆಟ್ ಮೇಲೆ ಒಂದು ಬೊಟ್ಟು ಇಟ್ಟು ಕಳಿಸ್ತಾನೆ. ಮೇಡಂ ಕಾರು ಅಂತ ಇಲ್ಲಿ ಬೋಲ್ಟು ಬೋಲ್ಟಿಗೂ ಅಭಿಷೇಕ! ತುಕ್ಕು ಹಿಡೀದೆ ಇನ್ನೇನಾಗುತ್ತೆ?”

ಇಬ್ಬರೂ ನಂಜುಂಡಿಯ ಕಡೆ ತಿರುಗಿದರು. ಅವನ ಕಿವಿ ಕೆಂಪಾಯಿತು.

“ಭಕ್ತಿ ಇರಲಪ್ಪ. ಆದರೆ ಲೋಹಕ್ಕೆ ಲೋಹ ತಾಗಬೇಕು,” ಎಂದರು ಮೇಷ್ಟ್ರು, ತರಗತಿಯ ದನಿಯಲ್ಲಿ.

ಅವನು ಹಲ್ಲು ಕಚ್ಚಿಕೊಂಡು ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದ. ಪಂಪು ಗುಂಯ್ ಎಂದಿತು, ಎಂಜಿನ್ ಸ್ಟಾರ್ಟ್ ಆಯಿತು. ಮೇಡಂ ಚಪ್ಪಾಳೆ ತಟ್ಟಿದರು. ಡಬ್ಬಿಗೆ!

“ಸಾಕು, ಇನ್ನು ಬಾಯಿ ಮುಚ್ಚಿಸಿ ಸ್ವಾಮಿ,” ಎಂದ ನಂಜುಂಡಿ.

ಮೇಷ್ಟ್ರು ಗುಂಡಿ ಒತ್ತಿದರು. ವೈರು ಕಿತ್ತರು. ಡಬ್ಬಿ ಎತ್ತಿಕೊಂಡು ರಸ್ತೆಯ ಆಚೆಗೇ ಹೋಗಿ ನಿಂತರು. ಕಾರು ಸುಮ್ಮನಾಗಲಿಲ್ಲ!

“ಬಾಯಿ ಬರಿಸೋದು ಮಾತ್ರ ಕಂಡುಹಿಡಿದಿದ್ದೀನಿ,” ಎಂದು ಅಲ್ಲಿಂದಲೇ ಕೂಗಿದರು. “ಮುಚ್ಚಿಸೋದಕ್ಕೆ ಇನ್ನೊಂದು ಡಬ್ಬಿ ಬೇಕು!”

“ಬೋಲ್ಟನ್ನ ಮಾತ್ರ ಉಜ್ಜಿದ! ನನ್ನನ್ನ ಕೇಳೋರು ಯಾರು?” ರಿಲೇ ಮುನಿಸಿಕೊಂಡಿತು.

“ಪಂಪನ್ನ ತಟ್ಟಿ ತಟ್ಟಿ ಎಬ್ಬಿಸ್ತಾನೆ. ನಾವೇನು ಮಲತಾಯಿ ಮಕ್ಕಳಾ?” ನಾಲ್ಕು ಪ್ಲಗ್ಗುಗಳು ಒಟ್ಟಿಗೆ ಗದ್ದಲವೆಬ್ಬಿಸಿದವು.

ಮೇಷ್ಟ್ರು ಓಡಿಬಂದು ಸಮಾಧಾನಪಡಿಸಲು ಗಾಜು ಸವರಿದರು. ವೈಪರ್ ಅವರ ಕೈಗೆ ಫಟ್ಟನೆ ಬಾರಿಸಿತು! ಮೇಡಂ ಸ್ಟೇರಿಂಗ್ ಹಿಡಿದು ಕೂತರು. ಎಂಜಿನ್ ನಿಂತುಹೋಯಿತು. “ನಂಜುಂಡಿ ಬರಲಿ!” ಎಂದು ಹಾರ್ನು ಹಟ ಹಿಡಿಯಿತು. ಅವನು ಬಾಗಿಲಿಗೆ ಬೆರಳು ತಾಗಿಸಿದ್ದೇ ತಡ, ಎಂಜಿನ್ ಮುದ್ದಿನ ಬೆಕ್ಕಿನಂತೆ ಗುರುಗುಟ್ಟಿತು.

ನಂಜುಂಡಿ ಎದೆಯುಬ್ಬಿಸಿದ. “ನೋಡಿದ್ರಾ ಮೇಡಂ? ಯಾರ ಕೈ ಎಂಥದ್ದು ಅಂತ ಕಾರಿಗೆ ಗೊತ್ತು!”

“ಗೊತ್ತಾಯ್ತಪ್ಪ,” ಮೇಡಂ ಕೆಳಗಿಳಿದರು. “ಹಾಗಾದರೆ ನೀನೇ ಇಟ್ಕೋ. ನನಗೆ ತರಕಾರಿ ತರೋಕೆ ಗಾಡಿ ಬೇಕಿತ್ತು. ಮುನಿಸಿಕೊಳ್ಳೋರು ಮನೇಲೇ ಬೇಕಾದಷ್ಟು ಜನ ಇದ್ದಾರೆ.”

ಹಾಗೆಂದವರೇ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರ ಸ್ಕೂಟರಿನ ಹಿಂದೆ ಕೂತರು. ಸ್ಕೂಟರ್ ಮಾರ್ಕೆಟ್ಟಿನ ಕಡೆ ಹೊರಟಿತು. ಅದು ತಿರುವಿನಲ್ಲಿ ಮರೆಯಾದ ಮೇಲೂ ನಂಜುಂಡಿ ಆ ಕಡೆಯೇ ನೋಡುತ್ತ ನಿಂತಿದ್ದ.

“ಆ ಸ್ಕೂಟರಲ್ಲಿ ಅಂಥದ್ದೇನು ಕಂಡೆ?” ಎಂದಿತು ಹಿಂದಿನಿಂದ ಕಾರು.