ನಿಂಬೆಹಣ್ಣು ಉರುಳಿದರೆ ಮಾತ್ರ

ನಮ್ಮ ಮನೆಯವರ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿಯ ಊರುಗಳಿವೆ: ಇಳಿಜಾರಿನ ಊರು, ಹಾಳೂರು. ದೇವಸ್ಥಾನ ಎಷ್ಟೇ ಹಳೆಯದಿರಲಿ, ಕೆರೆ ಎಷ್ಟೇ ಚೆಂದವಿರಲಿ, ನೆಲ ಸಪಾಟಾಗಿದ್ದರೆ ಅವರ ಮಟ್ಟಿಗೆ ಆ ಊರು ಇಲ್ಲವೇ ಇಲ್ಲ! ಅವರ ಹೆಸರೇನು ಎಂದು ಕೇಳಬೇಡಿ. ಗಂಡನ ಹೆಸರು ಹೇಳಬಾರದೆಂದು ಧಾರವಾಡದಲ್ಲಿ ನಮ್ಮವ್ವ ಕಲಿಸಿಯೇ ಕಳಿಸಿದ್ದಾಳೆ. ಹೇಳಿದರೂ ಪುಣೆಯಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. 'ಆ ಫಟಫಟಿಯವರು' ಎಂದು ಕೇಳಿ ನೋಡಿ, ಟಾಂಗಾದ ಕುದುರೆಗಳು ಸಹ ಕಿವಿ ನಿಮಿರಿಸುತ್ತವೆ.

ಫಟಫಟಿ ಎಂದರೆ ಮೋಟಾರು ಸೈಕಲ್ಲು. ದಂಡಿನ ಕ್ಯಾಂಪಿನಲ್ಲಿದ್ದ ಒಬ್ಬ ಬಿಳಿ ದೊರೆ ವಿಲಾಯತಿಗೆ ಹೊರಟಾಗ ನಮ್ಮವರು ಅದನ್ನು ಕೊಂಡುಕೊಂಡರು. ಆತ ಊರು ಬಿಟ್ಟದ್ದೇ ಅದರ ಕೈಯಿಂದ ಪಾರಾಗಲಿಕ್ಕೆ ಎಂದು ನನ್ನ ಗುಮಾನಿ! ಅದರ ಮಗ್ಗುಲಿಗೊಂದು ಸೈಡ್‌ಕಾರು. ಅದರೊಳಗೆ ನಾನು, ನನ್ನ ತೊಡೆಯ ಮೇಲೆ ಬುತ್ತಿಗಂಟು, ಕಾಲ ಸಂದಿಯಲ್ಲಿ ಪೆಟ್ರೋಲಿನ ಡಬ್ಬಿ. ದೂಳು ತುಂಬಿದ ಬಾಯಿಂದ ನಾನು ಏನು ಹೇಳಿದರೂ ಅವರಿಗೆ ಕೇಳಿಸುವುದಿಲ್ಲ. ಸಂಸಾರ ಸುಖವಾಗಿರಲಿಕ್ಕೆ ಇದೇ ಕಾರಣ ಎಂದು ಅವರು ನಾಲ್ಕು ಜನರ ಎದುರಿಗೆ ಹೇಳುವುದುಂಟು.

ಮನೆಗೆ ಬಂದ ಸ್ವಲ್ಪ ದಿನಕ್ಕೇ, ಕಾಲಿನಿಂದ ಒದ್ದು ಚಾಲೂ ಮಾಡುವ ಅದರ ಸರಳು ಮುರಿಯಿತು. ಬೇರೆ ಯಾರೇ ಆಗಿದ್ದರೂ ಮಿಸ್ತ್ರಿಯನ್ನು ಹುಡುಕುತ್ತಿದ್ದರು. ಇವರು ತತ್ವಜ್ಞಾನಿಯಾದರು!

"ಇಳಿಜಾರ ಇರೋವಾಗ ಒದಿಯೋದ್ಯಾಕ? ಭೂಮಿತಾಯಿ ಪುಕ್ಕಟೆ ನೂಕತಾಳ. ಒದ್ದು ಎಬ್ಬಸೋದಂದ್ರ ಯಂತ್ರಕ್ಕ ಅವಮಾನ."

"ಮತ್ತ ದಿನಾ ಮುಂಜಾನೆ ನನ್ನ ಒದರಿ ಒದರಿ ಎಬ್ಬಸ್ತೀರಲ್ರಿ?"

"ನೀ ಯಂತ್ರ ಅಲ್ಲಲ್ಲ!"

ಅಂದಿನಿಂದ ಗಾಡಿ ಇಳಿಜಾರಿನಲ್ಲಿ ಮಾತ್ರ ನಿಲ್ಲಬೇಕು, ಅದೂ ಮೂತಿ ಕೆಳಗೆ ಮಾಡಿ. ಇಳಿಜಾರು ಸಾಕಷ್ಟಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೇ ಅವರ ಕೋಟಿನ ಕಿಸೆಯಲ್ಲಿ ಸದಾ ಒಂದು ನಿಂಬೆಹಣ್ಣು. ಬೇರೆಯವರ ಗಂಡಂದಿರು ಕಿಸೆಯಲ್ಲಿ ಗಡಿಯಾರ ಇಟ್ಟುಕೊಂಡು ತಿರುಗುತ್ತಾರೆ. ನಮ್ಮವರು ಗಾಡಿಯ ವೇಗ ಇಳಿಸಿ, ಬಗ್ಗಿ, ನಿಂಬೆಹಣ್ಣನ್ನು ರಸ್ತೆಗೆ ಬಿಡುತ್ತಾರೆ. ಉರುಳಿದರೆ ಎಂಜಿನ್ ಬಂದ್. ಉರುಳದಿದ್ದರೆ ನಾನು ಓಡುವ ಗಾಡಿಯಿಂದ ಕೈ ಚಾಚಿ ಅದನ್ನು ಎತ್ತಿಕೊಳ್ಳಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಮುಂಬೈ ಪ್ರಾಂತ್ಯದಲ್ಲೇ ಇರಲಿಕ್ಕಿಲ್ಲ.

ಬಾಡಿಗೆ ಮನೆಯನ್ನು ಆರಿಸಿದ್ದೂ ಇದೇ ನಿಂಬೆಹಣ್ಣು! ಶನಿವಾರ ಪೇಟೆಯ ವಾಡೆಯಲ್ಲಿ ನಳ ಇತ್ತು, ಬೆಳಗಾವಿಯ ಕಡೆಯ ನೆರೆಹೊರೆ ಇತ್ತು, ಸಂಜೆಗೆ ಕನ್ನಡ ಮಾತು ಇತ್ತು. ಎಲ್ಲ ಬಿಟ್ಟು ಪರ್ವತಿ ಗುಡ್ಡದ ಬುಡದ ಈ ಮನೆಗೆ ಬಂದೆವು. ಊಟಕ್ಕೆ ಕೂತರೆ ಇಲ್ಲಿ ಸಾರು ಎಲೆಯ ಒಂದೇ ಕಡೆಗೆ ಹರಿಯುತ್ತದೆ. "ನಿನ್ನ ಕಡೀಗೇ ಹರೀತದಲ್ಲ, ಮತ್ತೇನ ಬೇಕು?" ಎನ್ನುತ್ತಾರೆ.

ಇದನ್ನೆಲ್ಲ ಸಹಿಸಿಕೊಂಡೇನು. ಆದರೆ ನನ್ನ ಒಬ್ಬಳೇ ಅಕ್ಕ ಇರುವುದು ಹಡಪಸರದಲ್ಲಿ. ಹಡಪಸರವೋ, ಲಟ್ಟಿಸಿಟ್ಟ ಚಪಾತಿಯ ಹಾಗೆ ಸಪಾಟು! ಅವಳ ಮನೆಯ ಮುಂದೆ ಒಂದು ಬೇವಿನ ಮರ ಇದೆ. ನಮ್ಮವರು ಗಾಡಿ ನಿಲ್ಲಿಸದೆ ಆ ಮರದ ಸುತ್ತ ತಿರುಗಿಸುತ್ತಾರೆ, ಅಕ್ಕ ಸೆರಗು ಬಿಗಿದುಕೊಂಡು ನನ್ನ ಮಗ್ಗುಲಿಗೆ ಓಡುತ್ತಾಳೆ. ಸುತ್ತಿಗೆ ಒಂದು ಮಾತು. ಮೊದಲ ಸುತ್ತಿನಲ್ಲಿ "ಅವ್ವನ ಪತ್ರ ಬಂತೇನ?" ಎಂದು ಕೇಳಿದರೆ ಎರಡನೆಯ ಸುತ್ತಿನಲ್ಲಿ "ಬಂತು, ಆರಾಮಿದ್ದಾಳ" ಎನ್ನುತ್ತೇನೆ. ಮೂರನೆಯದರಲ್ಲಿ ಉಪ್ಪಿನಕಾಯಿಯ ಭರಣಿ ನನ್ನ ಮಡಿಲಿಗೆ ಬೀಳುತ್ತದೆ. ಮದುವೆಯಾಗಿ ಬಂದವಳು ಅಕ್ಕನ ಮನೆಯ ಹೊಸ್ತಿಲ ಮೇಲೆ ಒಂದು ಗಳಿಗೆ ಕೂತಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಟಾಂಗಾ ಮಾಡಿಕೊಂಡು ಹೋಗುತ್ತೇನೆಂದರೆ, "ಮನ್ಯಾಗ ಫಟಫಟಿ ಇಟ್ಟುಗೊಂಡು ಟಾಂಗಾ ಹತ್ತಿದ್ರ ಮಂದಿ ಏನಂದಾರು?" ಮಂದಿ ಈಗ ಏನನ್ನುತ್ತಿದ್ದಾರೆ ಎಂಬುದು ಅವರಿಗೆ ಕೇಳಿಸಿದರೆ ತಾನೆ! ಒಂದು ಸಲ, ಒಂದೇ ಒಂದು ಸಲ, ಅಕ್ಕನ ಎದುರಿಗೆ ಕೂತು ಮಾತಾಡಬೇಕೆನ್ನುವುದು ನನ್ನ ದೊಡ್ಡ ಆಸೆಯಾಗಿತ್ತು.

ದಸರೆಯ ರಜೆಯಲ್ಲಿ ಒಂದು ಬೆಳಿಗ್ಗೆ, "ನಡಿ, ನಿನಗ ಸೃಷ್ಟಿಸೌಂದರ್ಯ ತೋರಸ್ತೀನಿ" ಎಂದರು. ಕಾತ್ರಜ ಘಾಟು ಹತ್ತಿ, ಒಳದಾರಿ ಹಿಡಿದು ಸಾಸವಡ ಮುಟ್ಟಿ, ದಿವೆ ಘಾಟು ಇಳಿದು, ಹಡಪಸರದ ಮೇಲಿಂದ ಮನೆಗೆ. ಹಡಪಸರ ಎಂದದ್ದೇ ನಾನು ಬುತ್ತಿ ಕಟ್ಟಿದೆ. "ಅಕ್ಕನ ಮನ್ಯಾಗ ಇಳೀಲಿಕ್ಕೆ ಆಗತದೇನ್ರಿ?" ಎಂದು ಕೇಳಿದೆ. "ಐದು ಸುತ್ತು ಹೊಡಿಯೋಣಂತ!" ಎಂದು ಉದಾರವಾಗಿ ಹೇಳಿದರು.

ಕಾತ್ರಜದ ಏರಿನಲ್ಲಿ ಸೃಷ್ಟಿಸೌಂದರ್ಯವನ್ನು ನಾನು ಬೇಕಾದಷ್ಟು ನೋಡಿದೆ. ಭಾರ ಹೆಚ್ಚೆಂದು ಏರಿಗೆ ಮುಂಚಿನ ಒಂದು ಇಳುಕಲಿನಲ್ಲೇ ನನ್ನನ್ನು ಇಳಿಸಿಬಿಟ್ಟಿದ್ದರಲ್ಲ! ಬುತ್ತಿಗಂಟು ಮಾತ್ರ ಗಾಡಿಯಲ್ಲಿ ಕೂತು ಹೋಯಿತು. ಏದುಸಿರು ಬಿಡುತ್ತ ಗುಡ್ಡ ಕೊರೆದ ಬೋಗದೆ ದಾಟಿ ಆಚೆಯ ಇಳುಕಲಿಗೆ ಬಂದಾಗ ಅವರು ಕಲ್ಲಿನ ಮೇಲೆ ಕೂತು ನನ್ನ ಪಾಲಿನ ಅವಲಕ್ಕಿಯನ್ನೂ ಮುಗಿಸಿದ್ದರು.

ಒಳದಾರಿಯಲ್ಲಿ ಹುಚ್ಚೆಳ್ಳಿನ ಹೊಲಗಳು ಹಳದಿಯಾಗಿ ಅರಳಿ ನಿಂತಿದ್ದವು. "ನೋಡು, ಪುರಂದರಗಡ!" ಎಂದು ಕೋಟೆಯ ಕಡೆ ಕೈ ಮಾಡಿ ಅವರು ಕೂಗಿದಾಗ ನಾನು ತಿರುಗಿ ನೋಡಿದರೆ ಬರೀ ದೂಳು. ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ, ಮೂರು ದಾರಿ ಕೂಡುವಲ್ಲಿ, ನಿಂಬೆಹಣ್ಣು ಬಿಟ್ಟರು. ಉರುಳಿತು, ನಿಂತೆವು. ನೀವೇ ಹೇಳಿ, ಗುರುತಿಲ್ಲದವನೊಬ್ಬ ಹೊಗೆಯುಗುಳುವ ಗಾಡಿಯಲ್ಲಿ ಬಂದು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ಉರುಳಿಸಿದರೆ ಊರವರು ಆರತಿ ಎತ್ತುತ್ತಾರೆಯೇ? "ಕರಣಿ! ಕರಣಿ!" ಎಂದು ಕೂಗುತ್ತ ಕೋಲು ಹಿಡಿದು ಬಂದರು. ಕರಣಿ ಎಂದರೆ ಮಾಟ. ನಮ್ಮವರು ಅವರಿಗೆ ಭೂಮಿಯ ಆಕರ್ಷಣ ಶಕ್ತಿಯನ್ನು ವಿವರಿಸಲು ಶುರುಮಾಡಿದರು, ಅದೂ ಕನ್ನಡದಲ್ಲಿ!

ನಾನು ನಡುವೆ ನುಗ್ಗಿ ಹಣ್ಣನ್ನು ಎತ್ತಿಕೊಂಡು, ಘಾಟಿನಲ್ಲಿ ನನಗೆ ಓಕರಿಕೆ ಬರುತ್ತದೆ, ಮೂಸಲಿಕ್ಕೆ ಇಟ್ಟುಕೊಂಡದ್ದು ಎಂದು ಮರಾಠಿಯಲ್ಲಿ ಹೇಳಿದೆ. ಓಕರಿಕೆ ಎಂದದ್ದೇ ತಡ, ಹೆಂಗಸರೆಲ್ಲ ಮುಂದೆ ಬಂದರು. "ಕಿತವಾ ಮಹಿನಾ, ಬಾಯಿ?" ಎಷ್ಟನೆಯ ತಿಂಗಳು ಎಂದು! ಇಲ್ಲ ಎನ್ನಲಿಕ್ಕೂ ಬಿಡದೆ ನೆರಳಲ್ಲಿ ಕೂಡಿಸಿ, ಕುಂಕುಮ ಹಚ್ಚಿ, ತೆಂಗಿನಕಾಯಿ ಹಾಕಿ ಉಡಿ ತುಂಬಿದರು. ಬಸುರಿ ಹೆಂಡತಿಯನ್ನು ಈ ಡಬ್ಬಿಯಲ್ಲಿ ತುಂಬಿಕೊಂಡು ತಿರುಗುತ್ತೀಯಾ ಎಂದು ಒಬ್ಬ ಮುದುಕಿ ನಮ್ಮವರಿಗೆ ಮಂಗಳಾರತಿಯನ್ನೂ ಮಾಡಿದಳು. ಆ ಮುದುಕಿಯ ಕಾಲಿಗೆ ನಾನು ಮನಸಾರೆ ನಮಸ್ಕರಿಸಿದೆ.

ಊರು ದಾಟಿದ ಮೇಲೆ ನಮ್ಮವರು ಅಂದದ್ದು ಇಷ್ಟೇ: "ಭಾಳ ಚಲೋ ಆತು. ಮುಂದಿನ ಊರಾಗೂ ಹಿಂಗ ಹೇಳು."

ದಿವೆ ಘಾಟಿನಲ್ಲಿ ಕೆಳಗೆ ಕೆರೆ ಹೊಳೆಯುತ್ತಿತ್ತು. ನಿಂಬೆಹಣ್ಣು ಎಷ್ಟು ಜೋರಾಗಿ ಉರುಳಿತೆಂದರೆ ಅವರು ಅದರ ಹಿಂದೆ ಓಡಬೇಕಾಯಿತು. ತಿರುಗಿ ಬಂದು ನನ್ನ ಮಗ್ಗುಲಲ್ಲಿ ನಿಂತರು, ಅವರ ಕಣ್ಣು ತುಂಬಿತ್ತು. ಕೆರೆ ನೋಡಿ ಎಂದುಕೊಂಡೆ. "ಎಂಥಾ ಇಳಿಜಾರ!" ಎಂದು ನಿಟ್ಟುಸಿರು ಬಿಟ್ಟರು.

ಹಡಪಸರ ಬಂತು. ಉಡಿಯ ತೆಂಗಿನಕಾಯಿಯನ್ನು ಅಕ್ಕನಿಗೆ ಎಸೆಯಲು ಸಿದ್ಧವಾಗಿ ಹಿಡಿದುಕೊಂಡೆ, ಐದು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಗಾಡಿ ಬೇವಿನ ಮರದ ಸುತ್ತ ತಿರುಗಿತು. ಅಕ್ಕ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನಮ್ಮನ್ನು ಕಂಡು ನಕ್ಕಳು. ಏಳಲು ಹೋಗಿ ಕಂಬ ಹಿಡಿದುಕೊಂಡಳು, ಮತ್ತೆ ಕೂತುಬಿಟ್ಟಳು. ಮುಖ ಇಷ್ಟೇ ಇಷ್ಟಾಗಿತ್ತು. ಎಸೆಯಲು ಎತ್ತಿದ ತೆಂಗಿನಕಾಯಿಯನ್ನು ಮಡಿಲಿಗೆ ಇಳಿಸಿದೆ.

ಎರಡನೆಯ ಸುತ್ತು ಆಗಲಿಲ್ಲ. ಫಟಫಟಿ ಸುಮ್ಮನಾಗಿತ್ತು.

ನಾನು ಗಾಬರಿಯಿಂದ ಅವರ ಕಡೆ ನೋಡಿದೆ. "ಇಲ್ಲೆ ಸಪಾಟ ಅದರೀ!"

"ನನಗೂ ಕಣ್ಣ ಅವ. ನೀ ಇಳಿ ಮೊದಲ."

"ಮತ್ತ ಚಾಲೂ ಹೆಂಗ ಆಗತದ?"

"ಆಗಲಿಲ್ಲಂದ್ರ ಮನೀತನಾ ನೂಕ್ಕೋತ ಹೋಗ್ತೀನಿ. ಅಕ್ಕಾರ್ನ ಒಬ್ಬರನ್ನ ಬಿಟ್ಟು ಬರಬ್ಯಾಡ, ಆರಾಮ ಆಗೋತನಾ ಇರು." ಕಿಸೆಗೆ ಕೈ ಹಾಕಿ ನಿಂಬೆಹಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಅಕ್ಕಾರಿಗೆ ಶರಬತ್ತ ಮಾಡಿ ಕೊಡು. ಬಾಯಿ ಕೆಟ್ಟಿರತದ."

ಅಕ್ಕನಿಗೆ ಚಳಿಜ್ವರ ಬಂದು ಎಷ್ಟೋ ದಿನವಾಗಿತ್ತು. ಭಾವ ಔಷಧಿ ತರಲು ಪೇಟೆಗೆ ಹೋಗಿದ್ದರು. ನಾನು ಮೊದಲ ಸಲ ಅವಳ ಅಡುಗೆಮನೆಗೆ ಹೋಗಿ, ಸಕ್ಕರೆಯ ಡಬ್ಬಿ ಎಲ್ಲಿದೆ ಎಂದು ಕೂಗಿ ಕೇಳಿ, ಶರಬತ್ತು ಮಾಡಿ ತಂದೆ. ಅಕ್ಕ ಎರಡು ಗುಟುಕು ಕುಡಿದು, ರೂಢಿಯಂತೆ ಅವಸರದಿಂದ ಕೇಳಿದಳು: "ಇವತ್ತ ಎಷ್ಟ ಸುತ್ತು ಇದ್ದೀಯವಾ?"

ಹೊರಗೆ ನೋಡಿದೆ. ನಮ್ಮವರು ಕೋಟು ಕಳಚಿ ಬೇವಿನ ಟೊಂಗೆಗೆ ನೇತುಹಾಕಿದ್ದರು. ತೋಳು ಮಡಚಿಕೊಂಡು, ಆ ಭಾರದ ಫಟಫಟಿಯನ್ನು ಒಬ್ಬರೇ ಮುಕ್ಕರಿಯುತ್ತ ನೆರಳಿಗೆ ನೂಕುತ್ತಿದ್ದರು.

"ಸುತ್ತಿಲ್ಲಕ್ಕ, ಕೂತೀನಿ" ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂತು.