ಸ್ಟೀಲ್ ಪೈಪೂ ನೆವಿಲನ ಪ್ರತಿಜ್ಞೆಯೂ

ನೆವಿಲ್ ಟ್ರಸ್ಕಾಟನಿಗೆ ಬದುಕಿನಲ್ಲಿ ಒಂದೇ ಒಂದು ಕೊರಗು. ಇಂಗ್ಲೆಂಡಿನ ಶ್ರಾಪ್‌ಶೈರ್ ಕೌಂಟಿಯ ಒಂದು ಪುಟ್ಟ ಊರಿನಲ್ಲಿ ಅವನ ಕನ್ನಡಕದಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಹೆಂಡತಿ ಹಿಲರಿ ಅದೇ ಬೀದಿಯಲ್ಲಿ ನಾಯಿಗಳಿಗೆ ಕ್ಷೌರ ಮಾಡುವ ಅಂಗಡಿ ಇಟ್ಟು ಅವನಿಗಿಂತ ಹೆಚ್ಚು ಗೌರವ ಸಂಪಾದಿಸಿದ್ದಳು. ಮನೆಯ ಮುಂದೆ ಛಾವಣಿಯಿಲ್ಲದ, ಇಬ್ಬರೇ ಕೂರಬಹುದಾದ, ಕಡುನೀಲಿ ಬಣ್ಣದ ಸ್ಪೋರ್ಟ್ಸ್ ಕಾರು ನಿಂತಿರುತ್ತಿತ್ತು. ಆದರೆ ಪ್ರತಿ ಬೇಸಿಗೆಯಲ್ಲೂ ಕಾರು ಕ್ಲಬ್ಬಿನವರು ನಡೆಸುವ, ಒಬ್ಬೊಬ್ಬರಾಗಿ ಗಡಿಯಾರದ ಎದುರು ಕಾರಿನಲ್ಲಿ ಬೆಟ್ಟ ಹತ್ತುವ ಪಂದ್ಯದಲ್ಲಿ ನೆವಿಲ್ ತಪ್ಪದೆ ಜೆರಲ್ಡ್ ಪಿಲ್ಲಿಂಗನಿಗಿಂತ ಹಿಂದೆ ಬೀಳುತ್ತಿದ್ದ.

ಜೆರಲ್ಡ್ ಕೆಟ್ಟವನಾಗಿದ್ದರೆ ಸಹಿಸಬಹುದಿತ್ತು. ಅವನು ಒಳ್ಳೆಯವನು. ಗೆದ್ದ ಮೇಲೆ ಬಂದು ಭುಜ ತಟ್ಟಿ, "ಛೇ, ಈ ಸಲಾನೂ ಆ ಪೈಪು ಕೈಕೊಡ್ತಾ?" ಎಂದು ನಿಜವಾದ ಮರುಕದಿಂದ ಕೇಳುತ್ತಿದ್ದ. ನೆವಿಲನಿಗೆ ಮೈಯೆಲ್ಲಾ ಉರಿಯುತ್ತಿದ್ದುದು ಅದಕ್ಕೇ.

ಪೈಪಿನ ಕಥೆ ನೆವಿಲನೇ ಹೇಳಿಕೊಂಡು ಬಂದದ್ದು. "ನನ್ನ ಡ್ರೈವಿಂಗಲ್ಲಿ ಏನೂ ತಪ್ಪಿಲ್ಲ. ಬ್ರೇಕ್ ಒತ್ತಿದ ತಕ್ಷಣ, ಬ್ರೇಕಿನ ಎಣ್ಣೆ ಹೋಗೋ ಆ ರಬ್ಬರ್ ಪೈಪು ಉಬ್ಬುತ್ತೆ. ನಾನು ಹಾಕಿದ ಬಲದಲ್ಲಿ ಅರ್ಧ ಅದರ ಹೊಟ್ಟೆಗೇ ಹೋಗುತ್ತೆ. ಚಕ್ರಕ್ಕೆ ತಲುಪೋದು ಉಳಿದಿದ್ದು ಬಳಿದಿದ್ದು ಅಷ್ಟೆ," ಎಂದು ಪಬ್ಬಿನಲ್ಲಿ, ಅಂಗಡಿಯಲ್ಲಿ, ಕಣ್ಣು ಪರೀಕ್ಷೆಗೆ ಕೂತು ಅಲ್ಲಾಡಲಾಗದ ಗಿರಾಕಿಗಳ ಮುಂದೆ ಪ್ರವಚನ ಮಾಡುತ್ತಿದ್ದ. (ಎದುರಿಗಿನ ಗೋಡೆಯ ಮೇಲಿನ ಅಕ್ಷರ ಓದಲು ಬಂದ ಮುದುಕಿಯೊಬ್ಬಳು ಪೂರ್ತಿ ಕೇಳಿಸಿಕೊಂಡು ಹೋಗಿ, ತನ್ನ ಸೈಕಲ್ಲಿನ ಬ್ರೇಕು ಬದಲಾಯಿಸಿದ್ದೂ ಉಂಟು.)

ಈ ವರ್ಷ ಅವನು ಪಬ್ಬಿನಲ್ಲಿ ಎದ್ದುನಿಂತು ಘೋಷಿಸಿಯೇಬಿಟ್ಟ: "ರಬ್ಬರ್ ಕಿತ್ತೆಸೀತೀನಿ. ಸ್ಟೀಲ್ ಹೆಣಿಗೆಯ ಪೈಪು ಹಾಕ್ತೀನಿ. ಜೆರಲ್ಡ್, ಈ ಸಲ ನಿನ್ನನ್ನ ಸೋಲಿಸ್ತೀನಿ!"

"ಬಹಳ ಸಂತೋಷ," ಎಂದ ಜೆರಲ್ಡ್, ಎಂದಿನ ಹಾಗೆ ಮನಸಾರೆ.

"ಸೋತರೆ?" ಎಂದಳು ಹಿಲರಿ, ಹುರಿದ ಆಲೂಗಡ್ಡೆ ಬಾಯಿಗೆ ಹಾಕಿಕೊಳ್ಳುತ್ತ.

"ಸೋಲೋದೇ ಇಲ್ಲ."

"ಅಕಸ್ಮಾತ್ ಸೋತರೆ ಅಂತ ಕೇಳ್ತಿದೀನಿ ಕಣೋ. ಮುಂದಿನ ಪಂದ್ಯದವರೆಗೂ ಬ್ರೇಕಿನ ಬಗ್ಗೆ ತುಟಿ ಪಿಟಕ್ಕೆನ್ನಬಾರದು. ಮನೇಲೂ ಇಲ್ಲ, ಹೊರಗೂ ಇಲ್ಲ. ಒಪ್ಪಿಗೆನಾ?"

ಪಬ್ಬಿನಲ್ಲಿ ಇದ್ದವರೆಲ್ಲ ಲೋಟ ಕೆಳಗಿಟ್ಟು ಚಪ್ಪಾಳೆ ಹೊಡೆದರು. ಅಷ್ಟು ಜನ ಚಪ್ಪಾಳೆ ಹೊಡೆದಾಗ ಹಿಂದೆ ಸರಿಯುವ ಜಾಯಮಾನ ನೆವಿಲನದಲ್ಲ. ಎದೆಯುಬ್ಬಿಸಿ ಒಪ್ಪಿಕೊಂಡ. ಆ ಚಪ್ಪಾಳೆ ಯಾವ ಫಲಿತಾಂಶವನ್ನು ಬಯಸಿ ಬಂದದ್ದೆಂದು ಯೋಚಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ.

ಮಾರನೆಯ ದಿನದಿಂದ ಪೈಪಿನ ಸ್ವಯಂವರ ಶುರುವಾಯಿತು. ಒಳಗಿನ ಕೊಳವೆ ಟೆಫ್ಲಾನಿನದು (ಅಂಟದ ಬಾಣಲೆಗೆ ಬಳಿದಿರುತ್ತಾರಲ್ಲ, ಅದೇ), ಅದರ ಸುತ್ತ ಸ್ಟೀಲ್ ತಂತಿಯ ಜಡೆ, ಜಡೆಯ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹೊದಿಕೆ. ಇಷ್ಟರ ಬಗ್ಗೆ ತಕರಾರಿರಲಿಲ್ಲ. ತುದಿಯ ಜೋಡಣೆ ಸ್ಟೀಲಿನದಿರಬೇಕೋ, ಸತು ಬಳಿದ ಕಬ್ಬಿಣದ್ದು ಸಾಕೋ? ಸ್ಟೀಲಿನದೇ ಎಂದು ತೀರ್ಮಾನಿಸಲು ಒಂದು ವಾರ ಹಿಡಿಯಿತು. ಉದ್ದ ಎಷ್ಟು? ಕಡಿಮೆಯಾದರೆ ಚಕ್ರ ತಿರುಗಿಸಿದಾಗ ಎಳೆಯುತ್ತದೆ, ಹೆಚ್ಚಾದರೆ ಚಕ್ರಕ್ಕೆ ಉಜ್ಜುತ್ತದೆ. ಆ ಚಿಂತೆಯಲ್ಲಿ ಅವನು ಒಬ್ಬ ಗಿರಾಕಿಗೆ ಬೇರೆಯವರ ಕನ್ನಡಕ ಕೊಟ್ಟು ಕಳಿಸಿದ. ಎಲ್ಲಕ್ಕಿಂತ ಮಹಾಸಂಕಟ ಬಣ್ಣದ್ದು. ಹೊದಿಕೆ ಹಸಿರಿನದೋ, ಕೆಂಪಿನದೋ, ನೇರಳೆಯದೋ, ಅಥವಾ ಒಳಗಿನ ಸ್ಟೀಲು ಕಾಣುವ ಪಾರದರ್ಶಕದ್ದೋ?

ಭಾನುವಾರ ಅತ್ತೆ ವಿನಿಫ್ರೆಡ್ ಊಟಕ್ಕೆ ಬಂದಾಗ ಮೇಜಿನ ಮೇಲೆ ಚಮಚಗಳ ಪಕ್ಕದಲ್ಲಿ ನಾಲ್ಕು ಬಣ್ಣದ ತುಂಡುಗಳು ಸಾಲಾಗಿ ಮಲಗಿದ್ದವು.

ವಿನಿಫ್ರೆಡ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ನಮ್ಮನೆ ಬಚ್ಚಲಲ್ಲೂ ಷವರಿಗೆ ಇಂಥದ್ದೇ ಇದೆ."

"ಅದು ಬೇರೆ, ಇದು ಬೇರೆ. ಇದು ವಿಮಾನಕ್ಕೆ ಹಾಕೋ ದರ್ಜೆಯದು," ಎಂದ ನೆವಿಲ್ ಗಾಯಗೊಂಡ ದನಿಯಲ್ಲಿ.

"ನಿನ್ನ ಕಾರು ಹಾರುತ್ತೇನಪ್ಪ?"

"ಅಮ್ಮ, ಸುಮ್ನಿರು. ನೆವಿಲ್, ಒಂದು ಮಾತು ಕೇಳ್ಲಾ? ಈ ಪೈಪು ಎಲ್ಲಿರುತ್ತೆ?" ಎಂದಳು ಹಿಲರಿ.

"ಚಕ್ರದ ಹಿಂದೆ."

"ಹೊರಗಿಂದ ಕಾಣುತ್ತಾ?"

"ಕಾಣಲ್ಲ."

"ಮತ್ತೆ ಬಣ್ಣ ಯಾಕೆ?"

ನೆವಿಲ್ ಪಾರದರ್ಶಕ ತುಂಡನ್ನು ಎತ್ತಿ ಅಂಗಿಯ ತೋಳಿಗೆ ಒರೆಸಿದ. ಕಾಣದಿದ್ದರೂ ಅಲ್ಲಿ ಇದೆ ಎಂದು ತನಗೆ ಗೊತ್ತಿರುವ ಸುಖವನ್ನು ನಾಯಿಗೆ ಕ್ಷೌರ ಮಾಡುವವರಿಗೆ ಹೇಗೆ ವಿವರಿಸುವುದು? ಕೊನೆಗೆ ಪಾರದರ್ಶಕವೇ ಎಂದು ನಿರ್ಧಾರವಾಯಿತು. ಅಂಥ ಸುಂದರವಾದ ಹೆಣಿಗೆಗೆ ಮುಸುಕು ಹಾಕುವುದು ಮಹಾಪಾಪವೆಂದು ಅವನಿಗೆ ಅನ್ನಿಸಿತು.

ಪೈಪು ಬಂದಿತು. ಶನಿವಾರ ಬೆಳಿಗ್ಗೆ ಅದನ್ನು ಕೂರಿಸಿದ್ದೂ ಆಯಿತು. ಆದರೆ ಹಳೆಯ ಪೈಪು ಬಿಚ್ಚಿದಾಗ ಒಳಗೆ ಗಾಳಿ ಸೇರಿರುತ್ತದೆ. ಅದನ್ನು ಹೊರಡಿಸದಿದ್ದರೆ ಬ್ರೇಕು ಹಿಡಿಯುವುದಿಲ್ಲ. ಗಾಳಿ ಹೊರಡಿಸುವುದು ಇಬ್ಬರು ಮಾಡುವ ಕೆಲಸ: ಒಬ್ಬರು ಚಕ್ರದ ಬಳಿ ಮಲಗಿ ತಿರುಪು ಬಿಚ್ಚಿ ಮುಚ್ಚಬೇಕು, ಇನ್ನೊಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು. ಇಂಗ್ಲೆಂಡಿನ ಎಷ್ಟೋ ದಾಂಪತ್ಯಗಳು ಈ ಘಟ್ಟವನ್ನು ದಾಟಲಾರದೆ ನಿಂತುಹೋಗಿವೆ ಎಂದು ನಮಗೆ ಬಲವಾದ ಗುಮಾನಿ.

"ಒತ್ತು!"

"ಒತ್ತಿದೆ."

"ಹಿಡ್ಕೋ!"

"ಹಿಡ್ಕೊಂಡೇ ಇದೀನಿ."

"ನಾನು ಹೇಳೋವರೆಗೂ ಬಿಡಬಾರದು. ಬಿಟ್ಟರೆ ಗಾಳಿ ಮತ್ತೆ ಒಳಗೆ ಎಳ್ಕೊಳುತ್ತೆ... ಈಗ ಬಿಡು. ಒತ್ತು!"

"ಗುಳ್ಳೆ ಬಂತಾ?"

"ಬರ್ತಾ ಇದೆ. ಒತ್ತು!"

ಒಂದು ಚಕ್ರ ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯದು ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ತಲೆಯೆತ್ತಿ, "ಒಳ್ಳೆ ಬಿಸಿಲು ಅಲ್ವಾ?" ಎಂದಳು. ಕೂತಲ್ಲಿಂದಲೇ ಉತ್ತರ ಕೊಟ್ಟರೆ ಮರ್ಯಾದೆಯಲ್ಲ. ಹಿಲರಿ ಕಾರಿನಿಂದ ಇಳಿದು ಬೇಲಿಯ ಬಳಿ ಹೋಗಿ, "ಹೌದು ಕಣ್ರೀ, ಇದೇ ರೀತಿ ಇದ್ದರೆ ಸಾಕು," ಎಂದಳು. ಚಕ್ರದ ಬಳಿಯಿಂದ ಗಾಯಗೊಂಡ ಪ್ರಾಣಿಯೊಂದರ ಕೂಗು ಕೇಳಿಸಿತು. ಎಳೆದುಕೊಂಡ ಗಾಳಿ ಒಳಗೆ ಆರಾಮಾಗಿ ಬಿಡಾರ ಹೂಡಿತ್ತು.

ಮತ್ತೆ ಮೊದಲಿಂದ. ಸಂಜೆಯ ಚಹಾ ಕಾರಿನಲ್ಲೇ ಆಯಿತು. ಭಾನುವಾರ ಮತ್ತೆ ಒತ್ತು, ಹಿಡಿ, ಬಿಡು. ಅತ್ತೆ ಪಕ್ಕದ ಸೀಟಿನಲ್ಲಿ ಹೆಣಿಗೆ ಹಿಡಿದು ಕೂತು, ಪ್ರತಿ ಸಲ "ಒತ್ತು" ಎಂದಾಗಲೂ "ಒತ್ತಿದಾಳೆ ಕಣಪ್ಪ, ಒತ್ತಿದಾಳೆ," ಎಂದು ಮಗಳ ಪರವಾಗಿ ಸಾಕ್ಷಿ ನುಡಿಯುತ್ತಿದ್ದಳು. ಸಂಜೆಯ ಹೊತ್ತಿಗೆ ಪೆಡಲು ಕಲ್ಲಿನಂತೆ ಗಟ್ಟಿಯಾಯಿತು. ಹಿಲರಿಯ ಬಲಗಾಲೂ ಅಷ್ಟೇ ಗಟ್ಟಿಯಾಗಿತ್ತು.

"ನೆವಿಲ್, ಈ ಜನ್ಮಕ್ಕೆ ಸಾಕಾಗೋವಷ್ಟು ಒತ್ತಿದೀನಿ. ಇನ್ನು ಈ ಪೆಡಲಿಗೂ ನನಗೂ ಯಾವ ಸಂಬಂಧಾನೂ ಇಲ್ಲ," ಎಂದು ಅವಳು ಕುಂಟುತ್ತ ಇಳಿದಳು.

ನೆವಿಲ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಹುಲ್ಲಿನ ಮೇಲೆ ಮಂಡಿಯೂರಿ ತನ್ನ ಪೈಪನ್ನು ನೋಡುತ್ತಿದ್ದ. ಅಂದಿನಿಂದ ಕಾರನ್ನು ಎಲ್ಲಿ ನಿಲ್ಲಿಸಿದರೂ ಮುಂದಿನ ಚಕ್ರಗಳನ್ನು ಪೂರ್ತಿ ಓರೆಯಾಗಿ ತಿರುಗಿಸಿಡತೊಡಗಿದ. ಹಾಗಿಟ್ಟರೆ, ನೋಡುವವರು ಬಗ್ಗಿ, ಕತ್ತು ಎಡಕ್ಕೆ ಹೊರಳಿಸಿದರೆ, ಒಳಗೆ ಮಿನುಗುವ ಸ್ಟೀಲಿನ ದರ್ಶನವಾಗುತ್ತಿತ್ತು. ಊರಿನವರು ಮಾತ್ರ ಅವನಿಗೆ ಕಾರು ನಿಲ್ಲಿಸುವುದು ಮರೆತುಹೋಗಿದೆ ಎಂದುಕೊಂಡರು.

ಪಂದ್ಯದ ದಿನ ಬಂದಿತು. ಒಂದೇ ಕಾರನ್ನು ಗಂಡ ಹೆಂಡತಿ ಇಬ್ಬರೂ ಒಬ್ಬರ ನಂತರ ಒಬ್ಬರು ಓಡಿಸುವುದು ಆ ಕ್ಲಬ್ಬಿನಲ್ಲಿ ಹಳೆಯ ರೂಢಿ. ಹಿಲರಿಯೂ ಪ್ರತಿ ವರ್ಷ ಹೆಸರು ಕೊಡುತ್ತಿದ್ದಳು. ಅವಳ ಉದ್ದೇಶ ಸರಳ: ಚಹಾದ ಡೇರೆ ಬೆಟ್ಟದ ತುದಿಯಲ್ಲಿತ್ತು, ನಡೆದು ಹತ್ತುವುದು ಕಷ್ಟ. ಆರಾಮಾಗಿ, ಹೂವು ಗೀವು ನೋಡಿಕೊಂಡು ಮೇಲೆ ಹೋಗಿ ಚಹಾ ಕುಡಿಯುತ್ತಿದ್ದಳು.

ಮೊದಲು ಜೆರಲ್ಡ್ ಹೋದ. ಚೆನ್ನಾಗಿಯೇ ಹೋದ. ನಂತರ ನೆವಿಲ್ ಶಿರಸ್ತ್ರಾಣ ಧರಿಸಿ, ಯುದ್ಧಕ್ಕೆ ಹೊರಟ ಚಕ್ರವರ್ತಿಯಂತೆ ಸುತ್ತ ನೋಡಿ ಕಾರು ಬಿಟ್ಟ.

ಮೊದಲ ತಿರುವು ಬಂದಿತು. ಬ್ರೇಕ್ ಒತ್ತಿದ. ಆಹಾ! ಕಾಲ ಹೆಬ್ಬೆರಳು ತಾಕಿದ್ದೇ ತಡ, ಕಾರು ಗಕ್ಕನೆ ಹಿಡಿಯಿತು. ಎಂಥ ಹಿಡಿತ! ಆರು ವಾರ ತಲೆ ಕೆಡಿಸಿಕೊಂಡದ್ದು ಸಾರ್ಥಕವಾಯಿತೆಂದು ಅವನ ಕಣ್ಣಲ್ಲಿ ನೀರೇ ಬಂದಿತು. ಎರಡನೆಯ ತಿರುವಿಗೆ ಇನ್ನೂ ದೂರವಿತ್ತು. ಆದರೂ ಇನ್ನೊಮ್ಮೆ ನೋಡೋಣ ಎನ್ನಿಸಿ ಒತ್ತಿದ. ಮತ್ತೆ ಅದೇ ಹಿಡಿತ. ನೇರವಾದ ರಸ್ತೆಯಲ್ಲೂ ಒಮ್ಮೆ ಒತ್ತಿದ. ಅಲ್ಲಿ ಒತ್ತಬೇಕಾದ ಯಾವ ಕಾರಣವೂ ಇರಲಿಲ್ಲ, ಪ್ರೀತಿಯೊಂದನ್ನು ಬಿಟ್ಟು. ದಾರಿಯುದ್ದಕ್ಕೂ ಬಾವುಟ ಹಿಡಿದು ನಿಂತಿದ್ದವರು, ಹಿಂದಿನ ಕೆಂಪು ದೀಪ ಹತ್ತುತ್ತ ಆರುತ್ತ ಇದ್ದದ್ದನ್ನು ಕಂಡು ಏನೋ ಅಪಾಯದ ಸೂಚನೆ ಇರಬೇಕೆಂದು ಆಂಬುಲೆನ್ಸಿನವರ ಕಡೆ ಕೈಮಾಡಿದರು.

ಧ್ವನಿವರ್ಧಕ ಸಮಯ ಸಾರಿತು. ನೆವಿಲ್ ಜೆರಲ್ಡನಿಗಿಂತ ಹಿಂದೆ. ಅಷ್ಟೇ ಅಲ್ಲ, ರಬ್ಬರ್ ಪೈಪಿನ ನೆವಿಲನಿಗಿಂತಲೂ ಹಿಂದೆ.

ಕಾರನ್ನು ಕೆಳಗೆ ತಂದು ಹಿಲರಿಯ ಕೈಗೆ ಕೊಡುವಾಗ ಅವನ ಮುಖ ಸಪ್ಪಗಾಗಿತ್ತು. ಆದರೂ ಕರ್ತವ್ಯ ಮರೆಯಲಿಲ್ಲ. "ಪ್ರತಿ ತಿರುವಲ್ಲೂ ಗಟ್ಟಿಯಾಗಿ ಒತ್ತು. ಹೇಗೆ ಹಿಡಿಯುತ್ತೆ ನೋಡು..."

"ಬ್ರೇಕಿನ ಮಾತಾ?" ಎಂದಳು ಹಿಲರಿ. "ಪ್ರತಿಜ್ಞೆ ಆಗಲೇ ಶುರುವಾಗಿದೆ ಕಣೋ. ಬಾಯಿ ಮುಚ್ಕೋ."

ಅವಳು ಹೊರಟಳು. ನೆವಿಲ್ ಕೆಳಗೆ ನಿಂತು ನೋಡಿದ. ಮೊದಲ ತಿರುವಿನಲ್ಲಿ ಕೆಂಪು ದೀಪ ಹತ್ತಲಿಲ್ಲ. ಬಲ್ಬು ಹೋಗಿರಬೇಕು ಎಂದುಕೊಂಡ. ಕಾರು ಮರಗಳ ಹಿಂದೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಧ್ವನಿವರ್ಧಕ ಗಂಟಲು ಸರಿಪಡಿಸಿಕೊಂಡು, ತನಗೇ ನಂಬಿಕೆಯಿಲ್ಲದ ದನಿಯಲ್ಲಿ, ಹಿಲರಿ ಟ್ರಸ್ಕಾಟ್ ಜೆರಲ್ಡನಿಗಿಂತ ಎರಡು ಸೆಕೆಂಡು ಮುಂದಿದ್ದಾಳೆ ಎಂದು ಸಾರಿತು.

ನೆವಿಲನ ಎದೆ ಉಬ್ಬಿದ ರೀತಿಗೆ ಅವನ ಕೋಟಿನ ಗುಂಡಿ ನಿಲ್ಲಲಿಲ್ಲ. "ನನ್ನ ಹೆಂಡತಿ! ನನ್ನ ಹೆಂಡತಿ ಅದು!" ಎಂದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳುತ್ತ, ತಾನು ಸೋತದ್ದನ್ನು ಪೂರಾ ಮರೆತು, ಅಷ್ಟೂ ಬೆಟ್ಟವನ್ನು ಏದುಸಿರು ಬಿಡುತ್ತ ನಡೆದೇ ಹತ್ತಿದ. ಚಹಾದ ಡೇರೆಯಲ್ಲಿ ಹಿಲರಿ ಬನ್ನಿಗೆ ಜಾಮ್ ಹಚ್ಚುತ್ತಿದ್ದಳು.

"ಹೇಗೆ ಮಾಡಿದೆ ಮಾರಾಯ್ತಿ?"

"ಏನಿಲ್ಲಪ್ಪ. ಆ ಪೆಡಲ್ ಮುಟ್ಟಬಾರದು ಅಂತ ತೀರ್ಮಾನ ಮಾಡಿದ್ದೆನಲ್ಲ, ಮುಟ್ಟಲಿಲ್ಲ. ಕಾಲು ಇನ್ನೂ ನೋಯ್ತಿದೆ. ತಿರುವು ಬಂದಾಗ ಆಕ್ಸಿಲರೇಟರ್ ಸ್ವಲ್ಪ ಸಡಿಲ ಬಿಟ್ಟೆ, ಅಷ್ಟೆ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ನೆವಿಲ್ ಕುರ್ಚಿ ಹುಡುಕಿ ಕೂತ. ಅಷ್ಟರಲ್ಲಿ ಜೆರಲ್ಡ್ ಬಂದ. ಟೋಪಿ ತೆಗೆದು ಹಿಲರಿಯನ್ನು ಅಭಿನಂದಿಸಿ, ಆಮೇಲೆ ಕುರ್ಚಿಯೆಳೆದು ನೆವಿಲನ ಎದುರಿಗೇ ಕೂತ.

"ನೆವಿಲ್, ಇಷ್ಟು ವರ್ಷ ನಿನ್ನ ಮಾತನ್ನ ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಟೆ. ನನ್ನದೇ ತಪ್ಪು. ಹಿಲರಿ ಹೋಗಿದ್ದು ನೋಡಿದ ಮೇಲೆ ನನಗೂ ಆ ಪೈಪು ಬೇಕು ಅನ್ನಿಸಿದೆ. ಯಾವುದು ತಗೊಳ್ಳಲಿ? ಶುರುವಿನಿಂದ ಹೇಳು. ಏನೂ ಬಿಡಬೇಡ, ನನಗೆ ಸಂಜೆವರೆಗೂ ಪುರುಸೊತ್ತಿದೆ."

ಇಂಥ ಮಾತನ್ನು ಒಬ್ಬ ಮನುಷ್ಯನ ಬಾಯಿಂದ ಕೇಳಬೇಕೆಂದು ನೆವಿಲ್ ಎಷ್ಟು ವರ್ಷ ಕಾದಿದ್ದನೋ! ಅವನ ಬಾಯಿ ತಾನಾಗಿಯೇ ತೆರೆಯಿತು. ಹಿಲರಿಯ ಹುಬ್ಬು ಮೇಲೇರಿತು. ನೆವಿಲನ ಬಾಯಿ ಮತ್ತೆ ಮುಚ್ಚಿಕೊಂಡಿತು.

"ಮಳೆ ಬರೋ ಹಾಗಿದೆ," ಎಂದ ನೆವಿಲ್ ಕ್ಷೀಣವಾಗಿ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಹಿಲರಿಗೆ ಕನಿಕರ ಬಂದಿರಬೇಕು. "ಅವನು ಹೇಳೋ ಹಾಗಿಲ್ಲ ಜೆರಲ್ಡ್, ಮಾತು ಕೊಟ್ಟಿದಾನೆ. ನಾನೇ ಹೇಳ್ತೀನಿ ಕೇಳು," ಎಂದು ಶುರು ಮಾಡಿದಳು. "ಇವತ್ತಿನ ಗೆಲುವೆಲ್ಲ ನೆವಿಲ್ ಹಾಕಿದ ಪೈಪಿನ ಮಹಿಮೆ. ಅಂಥ ಬ್ರೇಕ್ ಇದೆ ಅಂತ ಗೊತ್ತಿದ್ದರೆ ಎಂಥವರಿಗೂ ಧೈರ್ಯ ಬರುತ್ತೆ. ತುದಿ ಸ್ಟೀಲಿನದೇ ಇರಬೇಕು, ಸತು ಬಳಿದದ್ದು ತುಕ್ಕು ಹಿಡಿಯುತ್ತೆ. ಉದ್ದ ಅಳೆಯುವಾಗ ಚಕ್ರ ಪೂರ್ತಿ ತಿರುಗಿಸಿ ಅಳೀಬೇಕು. ಹೊದಿಕೆ ಪಾರದರ್ಶಕ ತಗೋ, ಅಂಥ ಹೆಣಿಗೆ ಮುಚ್ಚಿಡಬಾರದು."

ನೆವಿಲ್ ಬೆರಗಾಗಿ ನೋಡಿದ. ಇವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು! ಆರು ವಾರ ಗೋಡೆಗೆ ಹೇಳುತ್ತಿದ್ದೇನೆ ಎಂದುಕೊಂಡದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅವಳು ಪಂದ್ಯ ಗೆದ್ದಾಗ ಉಬ್ಬಿದ್ದಕ್ಕಿಂತ ಅವನ ಎದೆ ಈಗ ಇನ್ನಷ್ಟು ಉಬ್ಬಿತು. ಇಂಥ ಹೆಂಡತಿ ಈ ಕೌಂಟಿಯಲ್ಲಿ ಇನ್ಯಾರಿಗಿದ್ದಾಳೆ ಎಂದು ಸುತ್ತಲೂ ನೋಡಿದ.

"ಒಳಗೇನಿರುತ್ತೆ?" ಎಂದ ಜೆರಲ್ಡ್ ಭಕ್ತಿಯಿಂದ.

"ಒಳಗಾ?" ಹಿಲರಿ ಬನ್ನು ಕಚ್ಚಿ ನಿಧಾನವಾಗಿ ಅಗಿದಳು. ನೆವಿಲನ ಕಡೆ ಒಮ್ಮೆ ನೋಡಿದಳು. "ಒಳಗೆ ಮಾಮೂಲಿ ರಬ್ಬರೇ."

ನೆವಿಲ್ ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತ.

"ಓ, ರಬ್ಬರೇನಾ? ಹೌದಾ ನೆವಿಲ್?" ಎಂದ ಜೆರಲ್ಡ್.

ನೆವಿಲ್ ಡೇರೆಯ ಬಾಗಿಲಾಚೆ ಬೆಳಗುತ್ತಿರುವ ನೀಲಿ ಆಕಾಶವನ್ನೇ ದಿಟ್ಟಿಸಿದ. ಅವನ ಕುತ್ತಿಗೆಯ ನರಗಳೆಲ್ಲ ಎದ್ದು ನಿಂತಿದ್ದವು.

"ಬಂದೇ ಬರುತ್ತೆ," ಎಂದ. "ಮಳೆ."